ವಕೀಲಿಯಿಂದ ಅರ್ಥಶಾಸ್ತ್ರದ ಸಂಶೋಧನೆಗೆ

ಕಾನೂನು ಪದವಿ ಪಡೆದ ತರುಣನು ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಹೊರಟನೆಂದರೆ ಮನೆಯ ಹಿರಿಯರು ಚಿಂತೆಗೊಳಗಾಗುವುದು ಸಹಜ. ಕೈಗೆ ಬಂದ ಕರಿಕೋಟನ್ನು ಬಿಟ್ಟು ಮತ್ತೆ ವಿದ್ಯಾರ್ಥಿಯಾಗುವುದೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಆ ದಾರಿ ಹೊಸತೂ ಅಲ್ಲ, ವ್ಯರ್ಥವೂ ಅಲ್ಲವೆಂಬುದು ನನ್ನ ಅಭಿಪ್ರಾಯ.

ಜರ್ಮನಿಯ ಮ್ಯಾಕ್ಸ್ ವೇಬರ್ 1889ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು; 1892ರಲ್ಲಿ ಎಲ್ಬ್ ನದಿಯ ಪೂರ್ವ ಪ್ರದೇಶದ ಕೃಷಿ ಕೂಲಿಕಾರರ ಸ್ಥಿತಿಗತಿಯನ್ನು ಕುರಿತು ಗ್ರಂಥ ಬರೆದರು; 1894ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. 1974ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಹಾಯೆಕ್ ಅವರ ಮೊದಲ ಡಾಕ್ಟರೇಟೂ ಕಾನೂನಿನದೇ. ನಮ್ಮ ದೇಶದಲ್ಲಿ, ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆಯವರು 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾರತದ ಅರ್ಥಶಾಸ್ತ್ರವನ್ನು ಕುರಿತು ಮಾಡಿದ ಉಪನ್ಯಾಸ ಇಂದಿಗೂ ಪ್ರಸಿದ್ಧವಾಗಿದೆ.

ಈ ಎರಡು ಶಾಸ್ತ್ರಗಳ ನಂಟು ಎಂತಹುದು? 1974ರ ಮಾರ್ಚ್ 1ರಂದು ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯನ್ನು ನೋಡಿರಿ. ಗೇಣಿದಾರನೆಂದರೆ ಯಾರು, ಭೂ ನ್ಯಾಯಮಂಡಳಿಯ ಅಧಿಕಾರವೆಷ್ಟು ಎಂಬುದನ್ನು ಕಾನೂನು ಹೇಳುತ್ತದೆ. ಆದರೆ ಹಕ್ಕು ಪಡೆದ ರೈತನು ಬಾವಿ ತೋಡಿಸಿದನೇ, ಸಾಲದಿಂದ ಪಾರಾದನೇ, ಗೇಣಿಯ ಭೂಮಿಯೂ ಇಲ್ಲದಿದ್ದ ಕೂಲಿಯವನ ಗತಿ ಏನಾಯಿತು ಎಂಬುದನ್ನು ಅಳೆದು ನೋಡುವುದು ಅರ್ಥಶಾಸ್ತ್ರದ ಕೆಲಸ. ಕಾಯಿದೆಯ ಮಾತನ್ನೂ ಹೊಲದ ಲೆಕ್ಕವನ್ನೂ ಓದಬಲ್ಲವರು ನಾಡಿಗೆ ಬೇಕು.

ದಾರಿ ಸುಗಮವೆಂದು ಮಾತ್ರ ಯಾರೂ ಭಾವಿಸಬಾರದು. ಸಾಮಾನ್ಯವಾಗಿ ಮೊದಲು ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಪಡೆಯಬೇಕಾಗುತ್ತದೆ. ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ. ಆ ವರ್ಷಗಳಲ್ಲಿ ಜೊತೆಯವರು ವಕೀಲಿಯಲ್ಲಿ ಹೆಸರು ಗಳಿಸಿರುತ್ತಾರೆ. ಮನೆಯ ಪರಿಸ್ಥಿತಿಯನ್ನು ತೂಗಿ ನೋಡಿಯೇ ಹೆಜ್ಜೆಯಿಡುವುದು ವಿವೇಕ.

ಆದರೆ ಗಣಿತಕ್ಕಿಂತ ಕಠಿಣವಾದುದು ಇನ್ನೊಂದಿದೆ. ವಕೀಲನು ತನ್ನ ಕಕ್ಷಿದಾರನ ಪಕ್ಷವನ್ನು ಮೊದಲೇ ಹಿಡಿದು, ಅದಕ್ಕೆ ಬಲವಾದ ಸಾಕ್ಷ್ಯವನ್ನು ಹುಡುಕುತ್ತಾನೆ. ಅದು ಅವನ ವೃತ್ತಿಧರ್ಮ. ಸಂಶೋಧಕನಿಗೆ ಕಕ್ಷಿದಾರನಿಲ್ಲ. ತನಗೆ ಪ್ರಿಯವಾದ ಅಭಿಪ್ರಾಯವನ್ನೇ ಅವನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲಿಗೆ ಒಳಪಡಿಸಬೇಕು. ಸಾಕ್ಷ್ಯ ವಿರುದ್ಧವಾದರೆ ಸೋಲನ್ನು ಒಪ್ಪಿ ಬರೆಯಬೇಕು. ಗೆಲ್ಲುವ ಅಭ್ಯಾಸವನ್ನು ಬಿಟ್ಟು ಅರಿಯುವ ಅಭ್ಯಾಸಕ್ಕೆ ಬರುವುದೇ ಈ ಪಯಣದ ನಿಜವಾದ ಕಷ್ಟ.

ಕಾಯಕದ ಘನತೆಯನ್ನೂ ದಾಸೋಹದ ಹಂಚಿಕೆಯನ್ನೂ ಸಾರಿದ ಶರಣರ ನಾಡಿನಲ್ಲಿ, ದುಡಿಮೆಯ ಫಲ ಯಾರಿಗೆ ಎಷ್ಟು ಸೇರುತ್ತದೆ ಎಂದು ವಿಚಾರಿಸುವ ವಿದ್ಯೆ ಪರಕೀಯವಲ್ಲ. ಈ ಶಾಲೆಯಲ್ಲಿ ಓದುತ್ತಿರುವ ಮಕ್ಕಳಲ್ಲಿ ಯಾರಾದರೂ ಮುಂದೆ ಆ ದಾರಿ ಹಿಡಿದರೆ, ಹಿರಿಯರು ತಡೆಯದೆ ಹರಸಲಿ.