ದಾಳದಲ್ಲಿ ಇಪ್ಪತ್ತು ಬಿದ್ದಾಗ

2022ರ ಆಗಸ್ಟ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪ್ರಯೋಗ ನಿಯಮಗಳ ಮೊದಲ ಕಂತು ಬಂದಾಗ ಎದ್ದ ಆಕ್ಷೇಪಗಳು ಆಡಿ ನೋಡದವರ ಗದ್ದಲ ಎಂಬ ವಾದ ನಿಲ್ಲುವುದಿಲ್ಲ. ಕೆಲವು ನಿಯಮಗಳ ದೋಷ ಕಾಣಲು ದಾಳ ಉರುಳಿಸಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು.

ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ, 2014ರ ನಿಯಮದಂತೆ, ಆ ಹೊಡೆತದ ಹಾನಿ ಅಳೆಯುವ ಎಲ್ಲ ದಾಳಗಳೂ ಇಮ್ಮಡಿ. ಹೊಸ ಕರಡು ಆಯುಧದ ದಾಳವನ್ನಷ್ಟೇ ಇಮ್ಮಡಿಸಿತು. ಐದನೇ ಹಂತದ ರೋಗ್ ಪಾತ್ರ ಗಿಡ್ಡ ಕತ್ತಿಯಿಂದ ಹೊಂಚುಹಾಕಿ ಹೊಡೆದರೆ ಹಿಂದೆ ಆರು ಮುಖದ ಎಂಟು ದಾಳ ಸಿಗುತ್ತಿದ್ದವು, ಕರಡಿನಲ್ಲಿ ಐದೇ. ಸರಾಸರಿ ಹಾನಿ 28 ಇದ್ದದ್ದು 17.5ಕ್ಕೆ ಇಳಿಯಿತು. ಮಂತ್ರದ ಹೊಡೆತಕ್ಕಂತೂ ಇಮ್ಮಡಿಯೇ ಇಲ್ಲ, ರಾಕ್ಷಸರಿಗೂ ಇಲ್ಲ.

ಈ ಕೊನೆಯದಕ್ಕೆ ಕಾರಣವಿತ್ತು, ಒಪ್ಪಬೇಕು. ಮೊದಲ ಹಂತದ ಮಾಂತ್ರಿಕನ ಬಳಿ ಎಂಟೇ ಪ್ರಾಣಾಂಕಗಳಿದ್ದರೆ, ಗಾಬ್ಲಿನ್ ಎಂಬ ರಾಕ್ಷಸನ ಕತ್ತಿಯ ಒಂದು ಇಮ್ಮಡಿ ಏಟು, ಸರಾಸರಿ 9, ಅವನನ್ನು ನೆಲಕ್ಕೆ ಕೆಡವುತ್ತದೆ. ಆದರೆ ಮೇಜಿನ ಸುತ್ತ ಕೂತವರು ಉಸಿರು ಬಿಗಿಹಿಡಿಯುವುದು ಆ ಭಯಕ್ಕೇ. ಮೊದಲ ಹಂತದ ತೊಂದರೆಗಾಗಿ ಇಪ್ಪತ್ತೂ ಹಂತಗಳಲ್ಲಿ ರಾಕ್ಷಸರ ಹಲ್ಲು ಕೀಳುವುದು ಅತಿಯಾಯಿತು.

ಸೆಪ್ಟೆಂಬರ್ ಕೊನೆಯಲ್ಲಿ ಬಂದ ಎರಡನೇ ಕಂತು ಹಳೆಯ ನಿಯಮಕ್ಕೇ ಮರಳಿತು. 2024ರ ಆಟಗಾರರ ಕೈಪಿಡಿಯಲ್ಲೂ ಅದೇ ಉಳಿದಿದೆ.