‘ಚೆನ್ನಮ್ಮ’ – ಒಂದು ನಾಮವಿಚಾರ

ಹತ್ತನೆಯ ತರಗತಿಯ ವಿದ್ಯಾರ್ಥಿಗಳ ನಾಮಾವಳಿಯನ್ನು ಪರೀಕ್ಷಾ ಮಂಡಲಿಗೆ ಕಳುಹಿಸುವ ಕಾಲ ಸಮೀಪಿಸಿತೆಂದರೆ ಪ್ರೌಢಶಾಲೆಗಳ ಕಚೇರಿಯಲ್ಲಿ ಒಂದು ಬಗೆಯ ಗಡಿಬಿಡಿ ತಲೆದೋರುವುದು ವಾಡಿಕೆ. ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರು ಆಯುಷ್ಯಪೂರ್ತಿ ಬೆನ್ನು ಬಿಡದು. ಆದುದರಿಂದ ಅಕ್ಷರದೋಷವನ್ನು ತಿದ್ದಿಸುವವರೂ ಮನೆತನದ ಹೆಸರನ್ನು ಸೇರಿಸುವವರೂ ಆ ದಿನಗಳಲ್ಲಿ ಗುಮಾಸ್ತರ ಮೇಜನ್ನು ಸುತ್ತುವರಿದಿರುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಇಂತಹುದೇ ಸಂದರ್ಭದಲ್ಲಿ ಬಾಲಕಿಯೊಬ್ಬಳು ಅರ್ಜಿ ಹಿಡಿದುಕೊಂಡು, ಅದರಲ್ಲಿಯ ಕನ್ನಡವನ್ನು ತಿದ್ದಿಕೊಡಬೇಕೆಂದು ನನ್ನ ಬಳಿಗೆ ಬಂದಳು. ಚೆನ್ನಮ್ಮ ಎಂದಿರುವ ತನ್ನ ಹೆಸರನ್ನು ಚೈತ್ರಾ ಎಂದು ಬದಲಾಯಿಸಬೇಕೆಂಬುದು ಅವಳ ಬಿನ್ನಹ. ಕಾರಣವೇನೆಂದು ಕೇಳಿದೆ. ಹಾಜರಿ ಕೂಗುವಾಗ ಹಿಂದಿನ ಸಾಲಿನವರು ನಗುವರಂತೆ. “ಸರ್, ಇದು ಅಜ್ಜಿಯರ ಹೆಸರು ರೀ” ಎಂದು ಹೇಳಿ ತಲೆ ತಗ್ಗಿಸಿ ನಿಂತಳು.

ಅರ್ಜಿಯಲ್ಲಿ ತಿದ್ದಬೇಕಾದ ತಪ್ಪುಗಳು ಎರಡೇ ಇದ್ದವು. ಆದರೆ ನಾನು ಅದನ್ನು ಕೂಡಲೇ ಹಿಂದಿರುಗಿಸಲಿಲ್ಲ. ಅಂದು ಆ ಮಗುವಿಗೆ ಹೇಳಿದ ಮಾತುಗಳನ್ನೇ ತುಸು ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇನೆ.

‘ಚೆನ್ನು’ ಎಂಬುದು ಅಚ್ಚಗನ್ನಡದ ನಾಮಪದ. ಅದು ತತ್ಸಮವೂ ಅಲ್ಲ, ತದ್ಭವವೂ ಅಲ್ಲ. ನೆರೆಯ ತೆಲುಗಿನಲ್ಲಿಯೂ ಇದೇ ರೂಪದಲ್ಲಿ, ಇದೇ ಅರ್ಥದಲ್ಲಿ ಬಳಕೆಯಾಗುವ ದ್ರಾವಿಡ ಶಬ್ದವದು. ಸೊಬಗು, ಒಪ್ಪ, ಲೇಸು ಎಂಬಿವು ಅದರ ಅರ್ಥಗಳು. ಚೆನ್ನುಳ್ಳವನು ಚೆನ್ನ, ಚೆನ್ನುಳ್ಳವಳು ಚೆನ್ನೆ. ‘ಚೆನ್ನ’ಕ್ಕೆ ‘ಅಮ್ಮ’ ಸೇರಿ, ಲೋಪಸಂಧಿಯಾಗಿ, ಚೆನ್ನಮ್ಮ ಎಂದಾಗುತ್ತದೆ. ಇದೇ ಹೆಸರು ಬಡಗಣ ಸೀಮೆಯಲ್ಲಿ ಚೆನ್ನವ್ವ. ಕೆಳದಿಯ ಅರಮನೆಯ ರೂಢಿಯಲ್ಲಿ ಚೆನ್ನಮ್ಮಾಜಿ. ಶರಣರ ಹೆಸರುಗಳೊಡನೆ ಕೂಡಿಕೊಂಡಾಗ ಚೆನ್ನಬಸಮ್ಮ, ಚೆನ್ನವೀರಮ್ಮ. ಕೆಲವರು ಇದನ್ನು ‘ಚಿನ್ನ’ ಶಬ್ದಕ್ಕೆ ಗಂಟುಹಾಕಿ ಬಂಗಾರದಂತಹ ಅಮ್ಮನೆಂದು ವಿವರಿಸುವುದುಂಟು. ಇನ್ನು ಕೆಲವರು ತೆಲುಗಿನ ‘ಚಿನ್ನ’ವನ್ನು, ಎಂದರೆ ಚಿಕ್ಕದು ಎಂಬರ್ಥದ ಮಾತನ್ನು, ನೆನೆದು ಚಿಕ್ಕಮ್ಮನೆಂದು ತಿಳಿಯುತ್ತಾರೆ. ಎರಡೂ ಕಿವಿಗೆ ಹತ್ತಿರವಾದುವೇ ಹೊರತು ಅರ್ಥಕ್ಕಲ್ಲ.

ಈ ಶಬ್ದದ ಸೊಬಗು ಕಣ್ಣಿಗೆ ಕಾಣುವ ರೂಪದಲ್ಲಷ್ಟೇ ನಿಲ್ಲುವುದಿಲ್ಲವೆಂಬುದನ್ನು ಗಮನಿಸಬೇಕು. ಚೆನ್ನಾಗಿ ಓದು ಎನ್ನುತ್ತೇವೆ, ಚೆನ್ನಾಗಿ ಬಾಳು ಎನ್ನುತ್ತೇವೆ, ಬೆಳೆ ಚೆನ್ನಾಗಿ ಬಂದಿದೆ ಎನ್ನುತ್ತೇವೆ. ಹುಡುಗರು ಮನೆಗೆ ಹೋಗಿ, ಕನ್ನಡ ಪಂಡಿತರು ಇಂದು ಚೆನ್ನಾಗಿ ಬೈದರು ಎಂದೂ ಹೇಳುತ್ತಾರೆ. ಇಲ್ಲೆಲ್ಲ ಕೊರತೆಯಿಲ್ಲದ, ಮಾಡಬೇಕಾದಂತೆ ಮಾಡಿದ ಎಂಬ ಭಾವವೇ ಮುಖ್ಯ. ಮೈಸೂರು ಸೀಮೆಯಲ್ಲಿ ಇಬ್ಬರು ಪರಿಚಿತರು ಎದುರಾದರೆ ಮೊದಲು ಹೊರಡುವ ಮಾತು “ಚೆನ್ನಾಗಿದ್ದೀರಾ?” ಎಂಬುದು. ಧಾರವಾಡದ ಕಡೆಯವರು ಅಲ್ಲಿ ‘ಚಲೋ’ ಎನ್ನುತ್ತಾರೆ. ಆದರೆ ಮಕ್ಕಳಿಗೆ ಇಟ್ಟಿದ್ದು ಚೆನ್ನಪ್ಪ, ಚೆನ್ನವ್ವ ಎಂದೇ. ದಿನಕ್ಕೆ ಹತ್ತು ಸಲ ನಾಲಗೆಯ ಮೇಲೆ ಸುಳಿಯುವ ಮಾತೊಂದು ಹೆಸರಾಗಿ ಬಂದಾಗ ಮಾತ್ರ ಹಳತೆನಿಸುವುದು ವಿಚಿತ್ರವಲ್ಲವೆ?

ಹನ್ನೆರಡನೆಯ ಶತಮಾನದಲ್ಲಿ ಈ ಶಬ್ದಕ್ಕೆ ಅಪೂರ್ವವಾದ ಘನತೆ ಪ್ರಾಪ್ತವಾಯಿತು. ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ದೇವರನ್ನು ಒಡೆಯನೆಂದು ಕರೆಯುವುದು ಬೇರೆ; ಚೆಲುವನೆಂದು ಕರೆದು ತನ್ನ ಗಂಡನನ್ನಾಗಿ ವರಿಸುವುದು ಬೇರೆ. ಅರಮನೆಯನ್ನು ತೊರೆದು ಹೊರಟ ತರುಣಿಯೊಬ್ಬಳು ಆ ಚೆಲುವಿಗೆ ಕನ್ನಡದ್ದೇ ಹೆಸರಿಟ್ಟಳು. ಅದೇ ಕಾಲದಲ್ಲಿ ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣ; ಮಾದಾರ ಚೆನ್ನಯ್ಯನೂ ಶರಣರು ತಲೆಬಾಗಿ ನೆನೆದ ಹೆಸರು. ಜ್ಞಾನಿಗೂ ಕಾಯಕಜೀವಿಗೂ ಒಂದೇ ಶಬ್ದ ಒಪ್ಪಿತು. ಹಾಗೆಂದು ಇದು ಒಂದು ಮತದವರ ಸ್ವತ್ತೆಂದು ನಾನು ಹೇಳಲಾರೆ. ಬೇಲೂರಿನಲ್ಲಿ ನೆಲೆಸಿದವನು ಚೆನ್ನಕೇಶವ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ, ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಜೈನ ರಾಣಿ ಚೆನ್ನಭೈರಾದೇವಿ. 1996ರಿಂದ ಚೆನ್ನೈ ಎಂದು ಅಧಿಕೃತವಾಗಿ ಕರೆಯಲ್ಪಡುವ ಮಹಾನಗರದ ಮೂಲವಾದ ಚೆನ್ನಪಟ್ಟಣಕ್ಕೆ ಆ ಹೆಸರು ಬಂದುದು ದಾಮರ್ಲ ಚೆನ್ನಪ್ಪನಾಯಕನಿಂದ ಎಂಬುದು ಒಂದು ಪ್ರಬಲವಾದ ಅಭಿಪ್ರಾಯ.

ಇನ್ನು ಇಬ್ಬರು ಚೆನ್ನಮ್ಮಂದಿರ ಮಾತು. ಕೆಳದಿಯ ಚೆನ್ನಮ್ಮ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ, ಪತಿ ಸೋಮಶೇಖರ ನಾಯಕನ ಮರಣಾನಂತರ, ಸುಮಾರು 25 ವರ್ಷ ರಾಜ್ಯವನ್ನಾಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಸಾಗುವಾಗ ಅವನಿಗೆ ಆಶ್ರಯವಿತ್ತು, ಅದಕ್ಕಾಗಿ ಔರಂಗಜೇಬನ ಸೇನೆಯನ್ನು ಎದುರಿಸಿದಳು. ಅವಳು ದತ್ತು ತೆಗೆದುಕೊಂಡು ಬೆಳೆಸಿದ ಬಸವಪ್ಪ ನಾಯಕನೇ ಮುಂದೆ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶಸದೃಶ ಗ್ರಂಥವನ್ನು ರಚಿಸಿದವನು. ಯುದ್ಧವನ್ನು ಸ್ಮರಿಸುವ ನಾವು ಇದನ್ನು ಮರೆಯುತ್ತೇವೆ.

ಕಿತ್ತೂರಿನ ಚೆನ್ನಮ್ಮನ ಕಥೆ ಮಕ್ಕಳಿಗೂ ತಿಳಿದಿದೆ. 1778ರಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ ಜನನ, ದೇಸಾಯಿ ಮಲ್ಲಸರ್ಜನೊಡನೆ ವಿವಾಹ, ಮಗನ ಅಕಾಲಮರಣ, ದತ್ತುಪುತ್ರನನ್ನು ಕಂಪನಿ ಸರಕಾರ ಒಪ್ಪದಿರುವುದು, 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪತನ, ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟು, ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ದೇಹಾವಸಾನ. ಇಲ್ಲಿ ಒಂದು ಪ್ರಾಸಂಗಿಕ ಮಾತು. ಆ ಯುದ್ಧದಲ್ಲಿ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಕಿತ್ತೂರಿನವರು ಅವನ ಪ್ರಾಣಕ್ಕೆ ಕೇಡು ಮಾಡಲಿಲ್ಲ. ಬದುಕಿ ಉಳಿದ ಆತನೇ ಮುಂದೆ ಕರ್ನಾಟಕದ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ ನಮ್ಮ ಇತಿಹಾಸ ಸಂಶೋಧನೆಗೆ ಬುನಾದಿ ಹಾಕಿದವರಲ್ಲಿ ಒಬ್ಬನಾದನು. ಚೆನ್ನಮ್ಮನ ಸೆರೆಮನೆಗೂ ಕನ್ನಡ ಶಾಸನಶಾಸ್ತ್ರಕ್ಕೂ ಇರುವ ಈ ನಂಟನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಈ ಹೆಸರಿಗೆ ನಾವು ಸಲ್ಲಿಸಿರುವ ಗೌರವಕ್ಕೆ ಕೊರತೆಯಿಲ್ಲ. 1961ರಲ್ಲಿ ಬಿ. ಸರೋಜಾದೇವಿಯವರು ಅಭಿನಯಿಸಿದ ‘ಕಿತ್ತೂರು ಚೆನ್ನಮ್ಮ’ ಚಿತ್ರ ಬಂದಿತು. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ನಿಂತಿತು. 2010ರಲ್ಲಿ ಬೆಳಗಾವಿಯಲ್ಲಿ ಅವಳ ಹೆಸರಿನ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಹುಬ್ಬಳ್ಳಿಯಲ್ಲಿ ವೃತ್ತವುಂಟು, ಹಳಿಯ ಮೇಲೆ ರೈಲೂ ಉಂಟು. ತೊಟ್ಟಿಲಲ್ಲಿ ಮಾತ್ರ ಚೆನ್ನಮ್ಮ ಇಲ್ಲ! ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ತರಗತಿಯಲ್ಲಿಯೇ ಮೂವರು ಚೆನ್ನವ್ವರಿದ್ದರು. ದೊಡ್ಡ ಚೆನ್ನವ್ವ, ಸಣ್ಣ ಚೆನ್ನವ್ವ, ಬಾವಿಕಟ್ಟೆಯ ಚೆನ್ನವ್ವ ಎಂದು ಗುರುಗಳು ಬೇರ್ಪಡಿಸಿ ಕೂಗುತ್ತಿದ್ದರು. ಇಂದು ನನ್ನ ಹಾಜರಿ ಪುಸ್ತಕವನ್ನು ತಿರುವಿದರೆ ತಂದೆತಾಯಿಗಳಿಗೇ ಅರ್ಥ ತಿಳಿಯದ, ಕೇಳಿದರೆ ‘ಮೊಬೈಲಿನಲ್ಲಿ ನೋಡಿ ಇಟ್ಟೆವು’ ಎನ್ನುವ ಹೆಸರುಗಳೇ ಹೆಚ್ಚು.

ಹಳೆಯದೆಲ್ಲ ಹೊನ್ನೆಂದು ವಾದಿಸುವವನು ನಾನಲ್ಲ. ಹೆಣ್ಣು ಹುಟ್ಟಿದ್ದು ಸಾಕೆಂಬ ಬೇಸರದಲ್ಲಿ ಇಡುತ್ತಿದ್ದ ‘ಸಾಕವ್ವ’, ಕೂಸು ಉಳಿಯಲೆಂದು ತಿಪ್ಪೆಯಲ್ಲಿ ಉರುಳಿಸಿ ಇಡುತ್ತಿದ್ದ ‘ತಿಪ್ಪವ್ವ’ ಮುಂತಾದುವು ಮರೆಯಾದರೆ ಯಾರೂ ಮರುಗಬೇಕಾಗಿಲ್ಲ. ಆದರೆ ಆ ಸಾಲಿನಲ್ಲಿ ಚೆನ್ನಮ್ಮನನ್ನೂ ನೂಕಿಬಿಟ್ಟಿದ್ದೇವೆ. ತೊಡಕಾದುದು ‘ಅಮ್ಮ’ ಎಂಬ ಉತ್ತರಪದವೆಂದು ನನ್ನ ತರ್ಕ. ಅದು ಮುಪ್ಪಿನ ಗುರುತೆಂದು ಇಂದಿನವರು ಬಗೆದಿದ್ದಾರೆ. ನಮ್ಮ ಹಿರಿಯರಿಗೆ ಅದು ವಯಸ್ಸಿನ ಸೂಚಕವಾಗಿರಲಿಲ್ಲ. ನಿನ್ನೆ ಹುಟ್ಟಿದ ಕೂಸನ್ನೂ ತಾಯಿಯೆಂದು ಕರೆಯುವ ಗೌರವವಾಚಕವಾಗಿತ್ತು. ಅತ್ತೆಯ ಹೆಸರನ್ನು ಮೊಮ್ಮಗಳಿಗೆ ಇಟ್ಟಾಗ ಸೊಸೆಯಾದವಳು ಅದನ್ನು ಉಚ್ಚರಿಸಬಾರದೆಂದು, ಮಗಳನ್ನು ‘ಅವ್ವಾ’ ಎಂದೇ ಕೂಗುವ ಮನೆಗಳೂ ಇದ್ದವು.

ನಮ್ಮ ಮನೆಯೂ ಅಂತಹುದೇ. ನನ್ನ ಅಜ್ಜಿಯ ಹೆಸರು ಚೆನ್ನಮ್ಮ. ಈ ವಿಷಯವನ್ನು ಮುಚ್ಚಿಟ್ಟುಕೊಂಡು ಲೇಖನವನ್ನು ಮುಗಿಸಬಹುದಿತ್ತು. ಆದರೆ ಆ ಬಾಲಕಿ ಬಿಡಲಿಲ್ಲ. ನನ್ನ ವ್ಯಾಖ್ಯಾನವನ್ನೆಲ್ಲ ಕೇಳಿದ ಮೇಲೆ, “ನಿಮ್ಮ ಮಗಳ ಹೆಸರೇನು ಸರ್?” ಎಂದು ಕೇಳಿದಳು. ನನ್ನ ಮಗಳ ಹೆಸರು ಸ್ಮಿತಾ. ನಾಮಕರಣದ ದಿನ ನನ್ನ ತಾಯಿ ಕೂಸಿನ ಕಿವಿಯಲ್ಲಿ ಉಸುರಿದ ಹೆಸರು ಚೆನ್ನಮ್ಮ. ಶಾಲೆಯ ದಾಖಲೆಗೆ ನಾನು ಬರೆಯಿಸಿದ್ದು ಬೇರೆ. ಪೇಟೆಯಲ್ಲಿ ಬೆಳೆಯುವ ಮಗುವನ್ನು ಯಾರಾದರೂ ನಕ್ಕಾರೆಂಬ ಅಂಜಿಕೆ, ವ್ಯಾಕರಣ ಓದಿದ ನನಗೂ ಇತ್ತು. ನನ್ನ ತಾಯಿ ಅದಕ್ಕೆ ಏನನ್ನೂ ಅನ್ನಲಿಲ್ಲ. ಕೊನೆಯವರೆಗೂ ಮೊಮ್ಮಗಳನ್ನು ‘ಅವ್ವಾ’ ಎಂದೇ ಕರೆದಳು. ಹಿಂದಿನ ಸಾಲಿನ ಹುಡುಗಿಯರು ನಗುವುದನ್ನು ಕಲಿತದ್ದು ನನ್ನಂತಹ ಹಿರಿಯರಿಂದಲೇ ಎಂದು ಅಂದು ನನಗೆ ಹೊಳೆಯಿತು. ಇದ್ದುದನ್ನು ಇದ್ದಂತೆ ಆ ಬಾಲಕಿಗೆ ಹೇಳಿದೆ. ಅರ್ಜಿಯನ್ನು ತಿದ್ದಿ, ಏನು ಮಾಡಬೇಕೆಂಬುದನ್ನು ನೀನೇ ಯೋಚಿಸು ಎಂದು ಅವಳ ಕೈಗಿತ್ತೆ.

ಮೂರನೆಯ ದಿನ ಅವಳು ಮತ್ತೆ ಬಂದಳು. ಕೈಯಲ್ಲಿ ಹೊಸ ಅರ್ಜಿಯಿತ್ತು. ಹೆಸರು ಬದಲಾಗುವುದು ಬೇಡ. ಆದರೆ ತನ್ನ ಜನನಪತ್ರದಲ್ಲಿ ‘ಚನ್ನಮ್ಮ’ ಎಂದಿದೆ, ನೀವು ಹೇಳಿದಂತೆ ‘ಚೆನ್ನಮ್ಮ’ ಎಂದು ಎತ್ವ ಸೇರಿಸಬೇಕು ಎಂಬುದು ಅದರ ಒಕ್ಕಣೆ. ರೂಢಿಯಲ್ಲಿ ಎರಡೂ ರೂಪಗಳುಂಟು. ಬೆಳಗಾವಿಯ ವಿಶ್ವವಿದ್ಯಾಲಯವೂ ‘ಚನ್ನಮ್ಮ’ ಎಂದೇ ಬರೆಯುತ್ತದೆ. ಆದರೂ ಮೂಲಶಬ್ದಕ್ಕೆ ಸಮೀಪವಾದುದು ಎತ್ವವುಳ್ಳ ರೂಪವೆಂದು ಪಾಠದ ಆವೇಶದಲ್ಲಿ ನಾನೇ ಹೇಳಿದ್ದೆ. ಅವಳನ್ನು ಕರೆದುಕೊಂಡು ಗುಮಾಸ್ತರಲ್ಲಿಗೆ ಹೋದೆನು. ಅವರು ಕನ್ನಡಕವನ್ನು ಹಣೆಗೇರಿಸಿ ಅರ್ಜಿಯನ್ನೋದಿ, ಒಂದು ಎತ್ವಕ್ಕಾಗಿ ಪ್ರಮಾಣಪತ್ರ, ಛಾಪಾಕಾಗದ, ತಂದೆಯ ರುಜು ಇಷ್ಟೂ ಬೇಕಾಗುವುದೆಂದೂ, ಕೊನೆಯ ದಿನಾಂಕಕ್ಕೆ ಎರಡೇ ದಿನ ಉಳಿದಿವೆಯೆಂದೂ ತಿಳಿಸಿದರು. ಬಾಲಕಿ ನನ್ನ ಮುಖ ನೋಡಿ ನಕ್ಕಳು. ಚನ್ನಮ್ಮ ಎಂಬ ಹೆಸರಿನಲ್ಲಿಯೇ ಪರೀಕ್ಷೆಗೆ ಕುಳಿತಳು. ಕನ್ನಡದ ಉತ್ತರಪತ್ರಿಕೆಯಲ್ಲಿ ಮಾತ್ರ, ಪತ್ರಲೇಖನದ ಪ್ರಶ್ನೆಗೆ, ಕೆಳಗೆ ಎತ್ವ ಸೇರಿಸಿ ರುಜು ಹಾಕಿ ಬಂದುದಾಗಿ ನನಗೆ ಹೇಳಿದಳು.