ಮೆಕ್ಕೆಜೋಳದ ತೂಕವೂ ಗಣಕದ ಪಾಠವೂ

ಶಾಲೆಗಳಿಗೆ ಕಂಪ್ಯೂಟರ್ ಕೊಡುಗೆ ನೀಡುವುದು ವರ್ತಕ ಸಮುದಾಯಕ್ಕೆ ಹೊಸದೇನಲ್ಲ. ಆದರೆ ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯ ಆನಗೋಡಿನಂತಹ ಗ್ರಾಮದ ಪ್ರೌಢಶಾಲಾ ವಿದ್ಯಾರ್ಥಿಯು ಆ ಯಂತ್ರದ ಮುಂದೆ ಕುಳಿತು ಏನನ್ನು ಕಲಿಯಬೇಕೆಂದು ಕೊಡುಗೆದಾರರು ವಿಚಾರಿಸುವುದು ವಿರಳ. ಬೆರಳಚ್ಚು ಕಲಿತರೆ ಸಾಲದು. ಗಣಕೀಯ ಚಿಂತನೆ ಅವನಿಗೆ ಒಗ್ಗಬೇಕು.

ಅಮೆರಿಕದ ವಿದ್ವಾಂಸೆ ಜೆನೆಟ್ ವಿಂಗ್ ಅವರು 2006ರ ಲೇಖನವೊಂದರಿಂದ ಈ ಪರಿಕಲ್ಪನೆಯನ್ನು ಪ್ರಚುರಪಡಿಸಿದರು. ದೊಡ್ಡ ಕೆಲಸವನ್ನು ಸಣ್ಣ ಹಂತಗಳಾಗಿ ಬಿಡಿಸುವುದು, ಅವುಗಳನ್ನು ಕ್ರಮವಾಗಿ ಜೋಡಿಸುವುದು, ಎಲ್ಲಿ ಯಾವ ಷರತ್ತು ಅನ್ವಯಿಸುವುದೆಂದು ಮೊದಲೇ ನಿಶ್ಚಯಿಸುವುದು ಅದರ ಸಾರ. ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಂದ ಹೆಸರಾಗಿದ್ದ ಹರಿಹರಕ್ಕೆ ಇದು ಅಪರಿಚಿತವೇನಲ್ಲ. ಸಿ.ಎನ್.ಸಿ. ಯಂತ್ರಕ್ಕೆ ಬರೆದುಕೊಡುವ ಆದೇಶಗಳ ಹಿಂದೆಯೂ ಇರುವುದು ಇದೇ ಶಿಸ್ತು.

ಇದನ್ನು ಹದಿಹರೆಯದವರಿಗೆ ಕಲಿಸಲು ಸಂವಾದಾತ್ಮಕ ಆನಿಮೇಷನ್ ವಿಡಿಯೋ ಸೂಕ್ತ ಸಾಧನ. ಸುಮ್ಮನೆ ನೋಡಿ ಮುಗಿಸುವ ಚಿತ್ರ ಬೇರೆ, ನಡುನಡುವೆ ನಿಂತು ವಿದ್ಯಾರ್ಥಿಯ ನಿರ್ಧಾರವನ್ನು ಕೇಳುವ ಚಿತ್ರ ಬೇರೆ. ಉದಾಹರಣೆಗೆ, ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ಮಾರುಕಟ್ಟೆ ಪ್ರಾಂಗಣಕ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. ತೇವಾಂಶ ಶೇ. 14ನ್ನು ಮೀರಿದ್ದರೆ ಕಾಳನ್ನು ಒಣಗಿಸಬೇಕು, ಮತ್ತೆ ಪರೀಕ್ಷಿಸಬೇಕು. ಮಿತಿಗೆ ಇಳಿಯುವವರೆಗೂ ಇದೇ ಆವರ್ತನೆ. ಅನಂತರವೇ ತೂಕ, ಪಾವತಿ. ವಿದ್ಯಾರ್ಥಿಯು ಒಣಗಿಸುವ ಮೊದಲೇ ತೂಕ ಮಾಡಿಸಿದನೆನ್ನಿ. ವಿಡಿಯೋ ಅವನನ್ನು ತಪ್ಪೆಂದು ಗದರಬಾರದು. ಅವನು ಹೇಳಿದಂತೆಯೇ ಕಥೆ ಮುಂದುವರಿಯಬೇಕು. ಶೇ. 20 ತೇವಾಂಶದ 100 ಕ್ವಿಂಟಾಲ್‌ಗೆ ಹಣ ಪಾವತಿಯಾಗುತ್ತದೆ. ಶೇ. 14ಕ್ಕೆ ಒಣಗಿದ ಮೇಲೆ ಗೋದಾಮಿನಲ್ಲಿ ಉಳಿಯುವುದು ಸುಮಾರು 93 ಕ್ವಿಂಟಾಲ್ ಮಾತ್ರ. ಏಳು ಕ್ವಿಂಟಾಲ್ ಎಲ್ಲಿ ಹೋಯಿತೆಂದು ಹುಡುಕುತ್ತಾ ಅವನೇ ಹಿಂದಿರುಗಿ ಹಂತಗಳ ಕ್ರಮವನ್ನು ತಿದ್ದುತ್ತಾನೆ. (ವರ್ತಕರಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ.)

ಮಂಡಿಯ ಲೆಕ್ಕ ಕಲಿಸಿ ಹಳ್ಳಿಯ ಮಕ್ಕಳನ್ನು ಮಂಡಿಯಲ್ಲೇ ಉಳಿಸಿದಂತಾಗುವುದೆಂಬ ಆಕ್ಷೇಪ ಬರಬಹುದು. ಆದರೆ ಪರೀಕ್ಷಿಸು, ಸರಿಯಾಗುವವರೆಗೆ ಪುನರಾವರ್ತಿಸು ಎಂಬ ತರ್ಕವು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯಲ್ಲಿಯೂ ಬೇರೆಯಲ್ಲ. ಪರಿಚಿತ ವಸ್ತುವಿನಿಂದ ಆರಂಭಿಸಿದರೆ ತರ್ಕವೊಂದನ್ನೇ ಹೊಸದಾಗಿ ಕಲಿತರಾಯಿತು.

ತಂತ್ರಾಂಶಕ್ಕೆ ಹೆಚ್ಚಿನ ವೆಚ್ಚವಿಲ್ಲ. ಎಂ.ಐ.ಟಿ. ಸಂಸ್ಥೆಯು 2007ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ಸ್ಕ್ರ್ಯಾಚ್ ಉಚಿತವಾಗಿ ದೊರೆಯುತ್ತದೆ. ಇಂಟರ್ನೆಟ್ ಇಲ್ಲದೆಯೂ ಅದನ್ನು ಬಳಸಬಹುದು. ವೆಚ್ಚವಾಗುವುದು ಕನ್ನಡದಲ್ಲಿ ಒಳ್ಳೆಯ ಪಾಠಗಳನ್ನು ರೂಪಿಸುವುದಕ್ಕೆ. ಆದ್ದರಿಂದ ಕೊಡುಗೆದಾರರು ಹತ್ತು ಕಂಪ್ಯೂಟರ್‌ಗಳ ಬದಲು ಎಂಟನ್ನು ನೀಡಿ, ಉಳಿದ ಹಣದಲ್ಲಿ ಗಣಿತ ಶಿಕ್ಷಕರೊಬ್ಬರನ್ನೂ ಮಾರುಕಟ್ಟೆಯ ಅನುಭವಿ ಗುಮಾಸ್ತರೊಬ್ಬರನ್ನೂ ಆನಿಮೇಷನ್ ಬಲ್ಲ ಯುವಕರೊಡನೆ ಒಂದು ಬೇಸಿಗೆ ರಜೆಯ ಮಟ್ಟಿಗೆ ಕೂರಿಸುವುದು ಲೇಸು.